ಜುಲೈ ಬಾರದ ಮನೆ

ನನ್ನ ಸೋದರಮಾವನ ಮನೆಗೆ ಜುಲೈ ತಿಂಗಳು ಬರದೆ ಏಳು ವರ್ಷವಾಯಿತು. ನೀವು ನಂಬುವುದಿಲ್ಲ, ಗೊತ್ತು. ಗಂಗಾವತಿ ಹತ್ತಿರದ ಶ್ರೀರಾಮನಗರದಲ್ಲಿ, ಕಾಲುವೆಯ ದಂಡೆಗೆ ನಾಲ್ಕು ಮನೆ ಈಚೆ, ಭತ್ತದ ಗದ್ದೆಗಳಿಗೆ ಬೆನ್ನು ಮಾಡಿ ನಿಂತಿರುವ ಮನೆ ಅದು. ಪಡಸಾಲೆಯಲ್ಲಿ ಕ್ಯಾಲೆಂಡರಿನ ಹಾಳೆ ಎಲ್ಲರ ಮನೆಯ ಹಾಗೆಯೇ ತಿರುಗುತ್ತದೆ. ಅಡುಗೆಮನೆಗೆ ಅವರೆಕಾಯಿ ಬಂದು ಹೋಗಿ ಮಾವಿನಕಾಯಿ ಬರುತ್ತದೆ. ಆದರೆ ಬಲಗಡೆಯ ಸಣ್ಣ ಖೋಲಿಯ ಹೊಸ್ತಿಲು ದಾಟಿದಿರೋ, ಅಲ್ಲಿ ಜೂನ್. ಒಂದರಿಂದ ಮೂವತ್ತರವರೆಗೆ ಜೂನ್, ಮೂವತ್ತು ಮುಗಿದ ಮೇಲೆ ಮತ್ತೆ ಜೂನ್ ಒಂದು. ಅದೂ ಏಳು ವರ್ಷದ ಹಿಂದಿನ ಜೂನ್. ಆ ಖೋಲಿಯಲ್ಲಿ ಮಾವನ ಕಂಪ್ಯೂಟರ್ ಇದೆ.

ಮಾವ ನೀರಾವರಿ ಕಚೇರಿಯೊಂದರಲ್ಲಿ ಜೀವಮಾನವಿಡೀ ಟೈಪಿಸ್ಟ್ ಆಗಿದ್ದವನು. ನಿವೃತ್ತಿಯಾದ ಮರುದಿನ ಜನ ಕಾಶಿಗೆ ಹೋಗುತ್ತಾರೆ, ಇಲ್ಲವೆ ಎಮ್ಮೆ ಕಟ್ಟುತ್ತಾರೆ. ಇವನು ಕಂಪ್ಯೂಟರ್ ತಂದ. ತಂದವನು ಅದರಲ್ಲಿ ಸಿನಿಮಾ ನೋಡಲಿಲ್ಲ, ಲೆಕ್ಕ ಬರೆಯಲಿಲ್ಲ, ಮಂದಿಯ ಫೋಟೋ ನೋಡಿ ಹೊಟ್ಟೆಕಿಚ್ಚು ಪಡಲಿಲ್ಲ. ಅವನಿಗೆ ಬೇಕಾದದ್ದು ಸಣ್ಣಸಣ್ಣ ಪ್ರೋಗ್ರಾಮುಗಳು. ಪರದೆಯ ಮೂಲೆಯಲ್ಲಿ ಕೂರುವ ಗಡಿಯಾರ, ಹಳದಿ ಚೀಟಿ ಅಂಟಿಸುವಂಥದ್ದು, ಮೋಡ ತೋರಿಸುವಂಥದ್ದು, ಅಕ್ಷರವನ್ನು ಹಿಗ್ಗಿಸುವ ಭೂತಗನ್ನಡಿ. ಎಲ್ಲೆಲ್ಲಿಂದಲೋ ಹೆಕ್ಕಿ ತಂದ ಇಂಥವು ನಲವತ್ತಾದರೂ ಇದ್ದವು. ಅವಕ್ಕೆ ಅವನು ಇಟ್ಟ ಹೆಸರು ‘ಸಣ್ಣವು’.

“ದೊಡ್ಡ ಪ್ರೋಗ್ರಾಮು ಅಂದ್ರ ದೊಡ್ಡ ಸಾಹೇಬ ಇದ್ದಂಗವ್ವ” ಎಂದು ನನಗೆ ತಿಳಿಸಿ ಹೇಳಿದ್ದ. “ಒಂದು ಕೆಲಸಕ್ಕ ಹತ್ತು ಸಲ ಅಡ್ಡಾಡಸ್ತಾನ. ಸಣ್ಣವು ಹಂಗಲ್ಲ, ಅಟೆಂಡರ್ ಇದ್ದಂಗ. ಒಂದ ಕೆಲಸ, ಅದನ್ನ ಮಾಡ್ತಾವ, ಮೂಲ್ಯಾಗ ಸುಮ್ಮನ ಕುಂದರತಾವ.”

ಸುಮ್ಮನೆ ಕೂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮೊದಲು ತಲೆಯೆತ್ತಿದ್ದು ಟೈಪ್‌ರೈಟರಿನ ಸದ್ದು ಮಾಡುವ ಸಣ್ಣದು. ಕೀಲಿ ಒತ್ತಿದರೆ ‘ಟಕ್’, ಸಾಲು ಮುಗಿದರೆ ‘ಟಿಂಗ್’. ಅದಿಲ್ಲದೆ ಮಾವನಿಗೆ ಬೆರಳು ಓಡುತ್ತಿರಲಿಲ್ಲವಂತೆ. ಅತ್ತೆಗೆ ಮಾತ್ರ ಬೇರೆಯೇ ಸಂಶಯ. ಮಾವನ ಹಳೆಯ ಟೈಪ್‌ರೈಟರನ್ನು ಕಚೇರಿಯವರು ಗುಜರಿಗೆ ಹಾಕಿದ್ದು ಅವಳಿಗೆ ಗೊತ್ತು. ಸತ್ತ ಮಿಷನ್ನು ಯಜಮಾನನ ಬೆನ್ನು ಹತ್ತಿ ಮನೆಗೆ ಬಂದಿದೆ ಎಂದು ಅವಳು ತೀರ್ಮಾನಿಸಿದ್ದಳು. ಒಂದು ಮಧ್ಯಾಹ್ನ ಮಾವ ಗದ್ದೆಯ ಕಡೆ ಹೋಗಿದ್ದಾನೆ, ಅತ್ತೆ ಒಬ್ಬಳೇ ಅಕ್ಕಿ ಹಸನು ಮಾಡುತ್ತಿದ್ದಾಳೆ. ಮುಚ್ಚಿದ ಖೋಲಿಯೊಳಗಿಂದ ಟಕ್, ಟಕಟಕ, ಟಕ್, ಟಿಂಗ್. ಅತ್ತೆ ಮೊರ ಕೆಳಗಿಟ್ಟು ಕದದ ಸಂದಿಯಲ್ಲಿ ಇಣುಕಿದಳು. ಕುರ್ಚಿ ಖಾಲಿ. ಪರದೆಯ ಮೇಲೆ ಅಕ್ಷರಗಳು ತಾವೇ ಮೂಡುತ್ತಿವೆ.

ಮಾವ ಬಂದು ನೋಡಿದರೆ, ಕಿಟಕಿಯ ಹೊರಗಿನ ಬೇವಿನ ಮರದಿಂದ ಇಳಿದ ಅಳಿಲೊಂದು ಕೀಲಿಮಣೆಯ ಮೇಲೆ ಕುಣಿಯುತ್ತಿತ್ತು. ಅವನು ಅದನ್ನು ಓಡಿಸಲಿಲ್ಲ. ಕನ್ನಡಕ ಹಾಕಿಕೊಂಡು, ಅಳಿಲು ಬರೆದದ್ದನ್ನು ಮೇಲಿಂದ ಕೆಳಗೆ ಓದಿ, “ಸ್ಪೀಡ್ ಛಲೋ ಐತಿ, ಮಾರ್ಜಿನ್ ಬಿಟ್ಟಿಲ್ಲ” ಎಂದನಂತೆ. ಈ ಅಳಿಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಅದಕ್ಕೆ ಇನ್ನೊಂದು ಕೆಲಸವಿದೆ.

ಆಮೇಲೆ ಬೆಕ್ಕು. ಪರದೆಯ ಅಡಿಯಂಚಿನಲ್ಲಿ ಕರಿಯ ಬೆಕ್ಕೊಂದು ಓಡಾಡುವ ಸಣ್ಣದು. ನಾವು ಕೆಲಸ ಮಾಡುತ್ತಿದ್ದರೆ ಮಲಗಿರುತ್ತದೆ, ಕೈ ಬಿಟ್ಟರೆ ಎದ್ದು ಕೂತು ನಮ್ಮನ್ನೇ ನೋಡುತ್ತದೆ. ಅಷ್ಟೇ ಅದರ ಉದ್ಯೋಗ. ಅತ್ತೆಯ ಪ್ರಕಾರ ಅದು ನಮ್ಮನ್ನು ನೋಡುವುದಿಲ್ಲ, ನಮ್ಮ ಹಿಂದೆ ಇರುವವರನ್ನು ನೋಡುತ್ತದೆ. ಇದನ್ನು ಕೇಳಿದ ಮೇಲೆ ಆ ಕುರ್ಚಿಯಲ್ಲಿ ಕೂತಾಗೆಲ್ಲ ನಾನು ಹಿಂದಿರುಗಿ ನೋಡಿದ್ದೇನೆ. ನೀವಾದರೂ ನೋಡುತ್ತಿದ್ದಿರಿ. ಅತ್ತೆ ಸಾಕಿದ ನಿಜವಾದ ಬೆಕ್ಕಂತೂ ಆ ಖೋಲಿಯ ಹೊಸ್ತಿಲವರೆಗೆ ಬಂದು ಬಾಲ ದಪ್ಪಗೆ ಮಾಡಿಕೊಂಡು ವಾಪಸು ಹೋಗುತ್ತದೆ.

ಇವೆಲ್ಲಕ್ಕೂ ಯಜಮಾನನಂತಿದ್ದದ್ದು ನೆನಪು ಮಾಡಿಕೊಡುವ ಸಣ್ಣದು. ಅದರಲ್ಲಿ ತಾರೀಖು, ಹೊತ್ತು ಬರೆದು, ಮೈಕಿನ ಮುಂದೆ ನಮ್ಮ ದನಿಯಲ್ಲೇ ಹೇಳಬೇಕಾದದ್ದನ್ನು ಹೇಳಿಟ್ಟರೆ, ಆ ಹೊತ್ತಿಗೆ ಅದು ಹಾಗೆಯೇ ಕೂಗುತ್ತದೆ. ಮಾವ ದಿನಾ ನಾಲ್ಕು ಗಂಟೆಗೆ “ಎದ್ದೇಳು. ಗುಳಿಗಿ ತಗೋ” ಎಂದು ತನಗೆ ತಾನೇ ಹೇಳಿಟ್ಟಿದ್ದ. ಒಂದು ದಿನ ಪಕ್ಕದ ಮನೆಯ ತೆಲುಗಿನ ಅಜ್ಜ ಬಂದು ಪಡಸಾಲೆಯ ಮಂಚದ ಮೇಲೆ ಕೂತ. ಮನೆಯಲ್ಲಿ ಯಾರೂ ಇಲ್ಲ. ಗಂಟೆ ನಾಲ್ಕಾಯಿತು. ಖಾಲಿ ಖೋಲಿಯೊಳಗಿಂದ ಮಾವನ ದನಿ ಗಂಭೀರವಾಗಿ “ಎದ್ದೇಳು” ಎಂದಿತು. ಅಜ್ಜ ಎದ್ದ. ಗುಳಿಗೆಯ ಮಾತು ಕೇಳಿಸಿಕೊಳ್ಳಲು ಅವನು ನಿಲ್ಲಲಿಲ್ಲ. ಮರುದಿನ ಮಾವನನ್ನು ಹಿಡಿದು, “ಇಷ್ಟ ವರ್ಷ ನಿಮ್ಮ ಮನಿ ಚಹಾ ಕುಡದೀನಂಡಿ. ಬ್ಯಾಡಂದ್ರ ಎದುರಿಗೆ ಬಂದು ಹೇಳಬೇಕು, ಅಡಕೊಂಡು ಕುಂತು ಎಬ್ಬಿಸಬಾರದು” ಎಂದು ಬೇಜಾರು ಮಾಡಿಕೊಂಡ.

ಈಗ ಜೂನ್ ತಿಂಗಳಿಗೆ ಬರೋಣ. ಈ ನೆನಪಿನ ಸಣ್ಣದು ಮೂವತ್ತು ದಿನ ಮಾತ್ರ ಪುಕ್ಕಟೆ. ಆಮೇಲೆ ನೋಂದಣಿ ಮಾಡಿಸಿಕೊಳ್ಳಬೇಕು, ಇಲ್ಲವಾದರೆ ಬಾಯಿ ಮುಚ್ಚುತ್ತದೆ. ಮಾವ ಅದನ್ನು ತಂದು ಕೂರಿಸಿದ್ದು ಏಳು ವರ್ಷದ ಹಿಂದೆ ಜೂನ್ ಒಂದರಂದು. ಜೂನ್ ಮೂವತ್ತಕ್ಕೆ ಅದು ‘ನಾಳೆಯಿಂದ ಇಲ್ಲ’ ಎಂದು ನೋಟೀಸು ಕೊಟ್ಟಿತು. ಕಚೇರಿಯ ಮನುಷ್ಯನಿಗೆ ನೋಟೀಸಿನ ಭಯವೇ? ಕಂಪ್ಯೂಟರಿನ ಮೂಲೆಯ ಗಡಿಯಾರಕ್ಕೆ ಹೋಗಿ ತಾರೀಖನ್ನು ಮತ್ತೆ ಜೂನ್ ಒಂದಕ್ಕೆ ತಿರುಗಿಸಿಬಿಟ್ಟ. ಆ ಬಡಪಾಯಿ ಪ್ರೋಗ್ರಾಮು ತಾನು ಈಗಷ್ಟೇ ಹುಟ್ಟಿದೆ ಎಂದುಕೊಂಡು ಇನ್ನೂ ಮೂವತ್ತು ದಿನ ದುಡಿಯಿತು. ಅಂದಿನಿಂದ ಇದೇ ಪದ್ಧತಿ.

ಇದರ ಫಲವನ್ನು ಉಂಡವರು ಊರಿನವರು. ಮಾವ ಬೇಡಿದವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ, ಅರ್ಜಿಯ ತುದಿಗೆ ತಾರೀಖು ಹಾಕುವುದಕ್ಕೂ ಒಂದು ಸಣ್ಣದನ್ನು ನೇಮಿಸಿದ್ದ. ಹೊಲದ ಹತ್ತಿರ ಹೊಸದಾಗಿ ಕೂರಿಸಿದ ಕಾಲುವೆಯ ಗೇಟು ಮುರಿಯಿತೆಂದು ಅದೇ ತೆಲುಗಿನ ಅಜ್ಜ ಅರ್ಜಿ ಬರೆಸಿಕೊಂಡು ಹೋದ. ಅರ್ಜಿ ತಿರುಗಿ ಬಂತು. ಗೇಟು ಕೂರಿಸುವ ಎಷ್ಟೋ ವರ್ಷ ಮೊದಲೇ ಗೇಟು ಮುರಿದಿದೆ ಎಂದು ದೂರು ಬಂದಿರುವುದು ಹೇಗೆ ಎಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಕೇಳಿದ್ದರು. ಮಾವ ಅದನ್ನೂ ಓದಿ, “ಇದಕ್ಕ ಮುಂದಾಲೋಚನೆ ಅಂತಾರ” ಎಂದು ತಾರೀಖನ್ನು ಪೆನ್ನಿನಿಂದ ತಿದ್ದಿಕೊಟ್ಟ. ಕಂಪ್ಯೂಟರಿನದನ್ನು ತಿದ್ದಲಿಲ್ಲ. ಅದು ಹೇಳುವ ಶನಿವಾರಕ್ಕೆ, ನಮ್ಮ ಯಾವುದೋ ಬುಧವಾರ, ಅಂಜನಾದ್ರಿಯ ಬೆಟ್ಟ ಹತ್ತಿ ಬರುತ್ತಿದ್ದ. ಗದ್ದಲವಿಲ್ಲದೆ ದರ್ಶನವಾಗುತ್ತದಂತೆ.

ನಾನು ಕೊಪ್ಪಳದಲ್ಲಿ ಸಾಲಿ ಕಲಿಸುವವಳು. ನಮ್ಮ ಅವ್ವ ಮಾವನ ಒಬ್ಬಳೇ ಅಕ್ಕ. ಯಲಬುರ್ಗಿಯ ನಮ್ಮ ಮನೆಯಿಂದ ತಿಂಗಳಿಗೊಮ್ಮೆ, ಇಪ್ಪತ್ತೆರಡನೆಯ ತಾರೀಖು, ತಮ್ಮನನ್ನು ನೋಡಲು ಬಸ್ಸು ಹತ್ತುತ್ತಿದ್ದಳು. ಕೈಯಲ್ಲಿ ಖಡಕ್ ರೊಟ್ಟಿಯ ಗಂಟು. ಅನ್ನ ತಿಂದು ತಿಂದು ತಮ್ಮನ ಬುದ್ಧಿ ಮೆತ್ತಗಾಗಿದೆ ಎಂಬುದು ಅವಳ ನಂಬಿಕೆ, ನಲವತ್ತು ಸಣ್ಣವುಗಳೇ ಅದಕ್ಕೆ ಸಾಕ್ಷಿ. ಏಳು ವರ್ಷದ ಹಿಂದೆ ಜುಲೈ ತಿಂಗಳ ಮೊದಲ ವಾರ ಎದೆನೋವೆಂದವಳು ಅರ್ಧ ತಾಸಿನಲ್ಲಿ ಹೋಗಿಬಿಟ್ಟಳು. ಆಮೇಲೆ ಶ್ರೀರಾಮನಗರಕ್ಕೆ ನಾನು ಹೋಗುವುದು ಕಡಿಮೆಯಾಯಿತು. ಮಾವನ ಮುಖ ಅವ್ವನ ಮುಖದ ಹಾಗೆಯೇ ಇದೆ. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು, ಇದ್ದದ್ದನ್ನು ಹೇಳುತ್ತಿದ್ದೇನೆ.

ಹೀಗಿರುವಾಗ ಕಳೆದ ಡಿಸೆಂಬರಿನಲ್ಲಿ ಅತ್ತೆಯ ಫೋನು ಬಂತು.

“ಯವ್ವಾ, ಆ ಖೋಲ್ಯಾಗ ನಿಮ್ಮವ್ವನ ದನಿ ಕೇಳ್ತೈತಿ.”

ನಾನು ನಗಲು ಹೋದೆ, ಆಗಲಿಲ್ಲ. ಅತ್ತೆ ಬಿಕ್ಕುತ್ತಿದ್ದಳು.

“ಹೋದ ತಿಂಗಳ ಕೇಳಿತು. ಸುಳ್ಳಲ್ಲ. ಬಳಿ ಸಪ್ಪಳನೂ ಕೇಳಿತು. ದನಿ ಕೇಳಿದ್ದ ತಡ, ನಿಮ್ಮ ಮಾಮಾ ಎದ್ದು ಛತ್ರಿ ತಗೊಂಡು ಬಸ್‌ಸ್ಟ್ಯಾಂಡಿಗೆ ಹೋದ್ರು. ಎಲ್ಲಿಗ್ರಿ ಅಂದ್ರ, ಅಕ್ಕ ಬರತಾಳ ಅಂದ್ರು. ಅವರ ಬುದ್ಧಿ ನೆಟ್ಟಗ ಉಳದೈತೋ ಇಲ್ಲೋ. ನೀ ಬಂದು ಆ ಮಿಷನ್ನಿಗೆ ಇವತ್ತಿನ ತಾರೀಖು ಹಾಕಿ ಹೋಗು. ಅಂದ್ರ ಅವರೂ ಇವತ್ತಿಗೆ ಬರತಾರ.”

ಮೂರು ದಿನ ನನಗೆ ಪಾಠ ಮಾಡಲು ಆಗಲಿಲ್ಲ. ಮಾವನಿಗೆ ಅರುಳು ಮರುಳಾಗಿದೆಯೇ? ಹಾಗಾಗಿದ್ದರೆ ಅವನನ್ನು ಹೇಗೆ ಕರೆತರುವುದು? ಅಥವಾ, ಹಗಲು ಹೊತ್ತಿನಲ್ಲೇ ಹೇಳುತ್ತೇನೆ, ಆ ಖೋಲಿಯಲ್ಲಿ ನಿಜವಾಗಿ ಯಾರಾದರೂ ಇದ್ದರೆ? ವಿಜ್ಞಾನ ಕಲಿಸುವವಳು ನಾನು. ಆದರೂ ಭಾನುವಾರ ಮನೆ ಬಿಡುವಾಗ ಹಣೆಗೆ ಎರಡು ಬೆರಳು ವಿಭೂತಿ ಜಾಸ್ತಿಯೇ ಹಚ್ಚಿಕೊಂಡೆ.

ಒಂಬತ್ತೂವರೆಗೆ ಮನೆ ಮುಟ್ಟಿದೆ. ಡಿಸೆಂಬರಿನ ಥಂಡಿ, ಗದ್ದೆಗಳಲ್ಲಿ ಕೊಯ್ದ ಭತ್ತದ ಕೂಳೆ. ಮಾವ ಖೋಲಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ, ಮಗ್ಗುಲಿಗೆ ಛತ್ರಿ. ಪರದೆಯ ಮೂಲೆಯಲ್ಲಿ ಮೋಡ ತೋರಿಸುವ ಸಣ್ಣದು ಎಂದೋ ನಿಂತುಹೋಗಿ, ಅಂದಿನ ಮಳೆಯನ್ನೇ ತೋರಿಸುತ್ತಿತ್ತು. ಅದರ ಕೆಳಗೆ ತಾರೀಖು: ಜೂನ್ ಇಪ್ಪತ್ತೆರಡು.

“ಛಲೋ ದಿನ ಬಂದಿ ನೋಡವ್ವ” ಎಂದ ಮಾವ. “ಕುಂದ್ರು. ಚಹಾ ಕುಡಿ.”

“ಛತ್ರಿ ಯಾಕ ಮಾಮಾ? ಮಳಿ ಎಲ್ಲೈತಿ?”

“ಇರಲಿ ತಗೋ.”

ಚಹಾದ ಲೋಟ ಹಿಡಿದು ಕೂತೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡು ನಿಂತಿದ್ದಳು. ಮೇಜಿನ ಪಕ್ಕ ತುಂಡಾದ ಹೆಡ್‌ಫೋನಿನ ತಂತಿ ನೇತಾಡುತ್ತಿತ್ತು, ಅದರ ಮೇಲೆ ಸಣ್ಣ ಹಲ್ಲಿನ ಗುರುತು. ಪರದೆಯ ಮೇಲಿನ ಕರಿಬೆಕ್ಕು ಮಲಗಿದ್ದದ್ದು ಎದ್ದು ಕೂತು ನನ್ನ ಭುಜದ ಆಚೆ ನೋಡತೊಡಗಿತು. ನಾನು ತಿರುಗಿ ನೋಡಬಾರದೆಂದು ಹಲ್ಲು ಕಚ್ಚಿ ಹಿಡಿದು, ಕಡೆಗೆ ತಿರುಗಿ ನೋಡಿದೆ. ಬಾಗಿಲು, ಅದರಾಚೆ ಬಿಸಿಲು, ಅಷ್ಟೇ.

ಆಗ ಗಂಟೆ ಹತ್ತಾಯಿತು. ನನ್ನ ಅವ್ವ ಮಾತಾಡಿದಳು.

“ಲೇ ತಮ್ಮಾ, ಹತ್ತು ಆತು ಏಳು. ಹನ್ನೊಂದರ ಬಸ್ಸಿಗೆ ನಾ ಬರಾಕತ್ತೀನಿ, ಬಸ್‌ಸ್ಟ್ಯಾಂಡಿಗೆ ಬಾ. ಮತ್ತ ಆ ಬೆಕ್ಕಿನ ಮುಂದ ಕುಂತಿ ಅಂದ್ರ ನೋಡು.” ಆಮೇಲೆ ಬಳೆಯ ಸದ್ದು, ತಡೆದ ನಗು, ದನಿ ಸ್ವಲ್ಪ ದೂರ ಹೋಗಿ, “ಇದನ್ನ ಬಂದ್ ಹೆಂಗ ಮಾಡೂದೋ ತಮ್ಮಾ?”

ಮುಗಿಯಿತು. ಲೋಟ ನನ್ನ ಕೈಯಿಂದ ಯಾವಾಗ ಬಿತ್ತೋ ಗೊತ್ತಿಲ್ಲ. ಏಳು ವರ್ಷದಲ್ಲಿ ಅವ್ವನ ಮುಖ ಮರೆತಿರಲಿಲ್ಲ, ಫೋಟೋ ಇದೆ. ದನಿ ಮರೆತಿದ್ದೆ. ಮರೆತಿದ್ದೇನೆ ಎಂಬುದೂ ಆಗಲೇ ತಿಳಿದದ್ದು.

ಮಾವ “ಹೂಂ” ಎಂದು ಅದಕ್ಕೆ ಉತ್ತರ ಕೊಟ್ಟ, ನನಗಲ್ಲ. ಎದ್ದು ಛತ್ರಿ ತೆಗೆದುಕೊಂಡು, ಚೆಲ್ಲಿದ ಚಹಾ ದಾಟಿ, ಸ್ಕೂಟರು ಹತ್ತಿ ಗಂಗಾವತಿಯ ದಾರಿ ಹಿಡಿದ.

“ಈಗ ಮಾಡು” ಎಂದಳು ಅತ್ತೆ. “ಅವರು ಬರೂದ್ರಾಗ ತಾರೀಖು ಸರಿ ಮಾಡು.”

ನಾನು ಆ ಕುರ್ಚಿಯಲ್ಲಿ ಕೂತೆ. ತಾರೀಖು ಬದಲಿಸುವುದು ಎಷ್ಟರ ಕೆಲಸ? ಎರಡು ಸಲ ಒತ್ತಿದರೆ ಮುಗಿಯಿತು. ಆದರೆ ಬದಲಿಸಿದ ಕೂಡಲೇ ಮೂವತ್ತು ದಿನ ಮೀರಿ, ಆ ಸಣ್ಣದು ಬಾಯಿ ಮುಚ್ಚುತ್ತದೆ. ಅದರ ಹೊಟ್ಟೆಯೊಳಗೆ ಅವ್ವನ ದನಿ ಇದೆ. ಮಾವನನ್ನು ಇವತ್ತಿಗೆ ಕರೆತರಬೇಕೆಂದರೆ ಅವ್ವನನ್ನು ಇನ್ನೊಮ್ಮೆ ಕಳಿಸಬೇಕು. ಅತ್ತೆ ಹೊಸ್ತಿಲಾಚೆ ನಿಂತು ಕಾಯುತ್ತಿದ್ದಾಳೆ, ಬೆಕ್ಕು ಕಣ್ಣು ಮಿಟುಕಿಸದೆ ನೋಡುತ್ತಿದೆ.

ಏನಾದರೂ ಉಪಾಯ ಸಿಕ್ಕೀತೆಂದು ಆ ಪ್ರೋಗ್ರಾಮಿನ ಒಳಗೆಲ್ಲ ಹುಡುಕಿದೆ. ಕೊನೆಯಲ್ಲಿ, ಇದನ್ನು ಯಾರು ಮಾಡಿದ್ದು, ಈಗ ಯಾರ ಹೆಸರಿಗಿದೆ ಎಂದು ತಿಳಿಸುವ ಸಣ್ಣ ಕಿಟಕಿ ತೆರೆದೆ. ಅಲ್ಲಿ ಮಾವನ ಪೂರ್ತಿ ಹೆಸರಿತ್ತು. ಕೆಳಗೆ: ನೋಂದಾಯಿತ, ಕಾಯಂ.

ಅಂದರೆ ಮೂವತ್ತು ದಿನದ ತಂಟೆಯೇ ಇಲ್ಲ. ತಾರೀಖು ಯಾವುದಿದ್ದರೂ ಅದು ಮಾತಾಡುತ್ತದೆ. ನನಗೆ ಎಷ್ಟು ಹಿಗ್ಗಾಯಿತೆಂದರೆ, ಆಗಲೇ ಬದಲಿಸಿಬಿಡುವವಳು, ಮಾವನ ಕೈಯಿಂದಲೇ ಮಾಡಿಸೋಣವೆಂದು ಕಾದೆ.

ಒಂದೂವರೆಗೆ ಬಂದ. ಕೈಯಲ್ಲಿ ಮಂಡಾಳ ಒಗ್ಗರಣೆಯ, ಅಂದರೆ ಮಂಡಕ್ಕಿಯ ಪೊಟ್ಟಣ, ಅವ್ವನಿಗೆ ಇಷ್ಟವಾದದ್ದು. ಅದನ್ನು ಅತ್ತೆಯ ಕೈಗೆ ಕೊಟ್ಟ.

“ಮಾಮಾ, ಇದು ನಿನ್ನ ಹೆಸರಿಗೆ ಕಾಯಂ ಆಗೈತಿ” ಎಂದೆ. “ತಾರೀಖು ತಿರುವೂದು ಬೇಕಾಗಿಲ್ಲ.”

“ಗೊತ್ತೈತಿ” ಎಂದ ಮಾವ.

ಕೀಲಿಮಣೆಯ ಅಡಿಯಿಂದ ಒಂದು ಪೋಸ್ಟ್‌ಕಾರ್ಡು ತೆಗೆದು ತೋರಿಸಿದ. ಹಿಮದ ಬೆಟ್ಟದ ಚಿತ್ರ. ಐದು ವರ್ಷದ ಹಿಂದೆ, ಆ ಪ್ರೋಗ್ರಾಮು ಮಾಡಿದವನ ವಿಳಾಸ ಹುಡುಕಿ, ಮಾವ ಅವನಿಗೆ ವಿಷಯ, ಉಲ್ಲೇಖ, ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಲ್ಲ ಇರುವ ಒಂದು ಸರ್ಕಾರಿ ಪತ್ರವನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದನಂತೆ. ಅವನೂ ಮುದುಕನೇ ಇರಬೇಕು. ನೋಂದಣಿಯ ಅಂಕಿಗಳನ್ನು ನಡುಗುವ ಕೈಯಲ್ಲಿ ಬರೆದು, ಇದನ್ನು ಇನ್ನೂ ಒಬ್ಬರು ಉಪಯೋಗಿಸುತ್ತಿದ್ದಾರೆಂದು ತಿಳಿದು ಸಂತೋಷವಾಯಿತು, ಪುಕ್ಕಟೆ ಇಟ್ಟುಕೊಳ್ಳಿ ಎಂದಿದ್ದ.

“ಮತ್ತ ಯಾಕ ಮಾಮಾ, ಐದು ವರ್ಷ?”

ಮಾವ ಛತ್ರಿಯನ್ನು ಮೂಲೆಗೆ ನಿಲ್ಲಿಸಿ, ಅದು ಜಾರುತ್ತದೆಯೇ ಎಂದು ಸ್ವಲ್ಪ ಹೊತ್ತು ನೋಡಿದ.

“ಆ ಜೂನಿನಾಗ, ಇಪ್ಪತ್ತೆರಡಕ್ಕ, ನಿಮ್ಮವ್ವ ಹನ್ನೊಂದಕ್ಕ ಬಂದು ಇಳದ್ಲು. ನಾ ಬಸ್‌ಸ್ಟ್ಯಾಂಡಿನ ಗೇಟಿನ ಹತ್ರ ನಿಂದ್ರು ಅಂದಿದ್ದೆ. ಅವತ್ತ ಮುಂಜಾನಿ ಈ ಬೆಕ್ಕು ಹೊಸದಾಗಿ ಬಂದಿತ್ತು. ಇದರ ಆಟ ನೋಡಿಕೋತ ಕುಂತೆ. ಮರತೆ. ಮಳಿ ಹತ್ತಿತ್ತು. ಫೋನ್ ಮನ್ಯಾಗ ಇಟ್ಟು ಬರೂದು ಆಕಿ ಚಟ. ಎರಡು ತಾಸು ಆ ಗೇಟಿನ ಹತ್ರನ ನಿಂತಿದ್ಲವ್ವ, ಒಳಗ ಹೋದ್ರ ನಾ ಬಂದು ಹುಡುಕಬೇಕಾಗ್ತೈತಿ ಅಂತ. ನಾ ಹೋದಾಗ ರೊಟ್ಟಿ ಗಂಟು ಸೆರಗಿನಾಗ ಮುಚಗೊಂಡು ನಿಂತಾಳ. ಬೈಲಿಲ್ಲ. ಮನಿಗೆ ಬಂದು, ಬರೋ ತಿಂಗಳಿಂದ ನಾನ ನಿನ್ನ ಎಬ್ಬಿಸ್ತೀನಿ ಅಂತ ಈ ಮೈಕಿನ ಮುಂದ ಕುಂತು ಹೇಳಿದ್ಲು. ಬರೋ ತಿಂಗಳ ಬರಲಿಲ್ಲ.”

ಅತ್ತೆ ಪೊಟ್ಟಣ ಹಿಡಿದೇ ನಿಂತಿದ್ದಳು.

“ಮದಲ ಪುಕ್ಕಟೆ ಆಸೆಕ್ಕ ತಿರುವಿದೆ, ಸುಳ್ಳ್ಯಾಕ ಹೇಳ್ಲಿ. ತಿರುವಿ ಐದಾರು ದಿನಕ್ಕ ಆಕಿ ಹೋದ್ಲು. ಆದ್ರ ಇದು ಜುಲೈ ನೋಡಿಲ್ಲವ್ವ. ಇದರೊಳಗ ಅಕ್ಕ ಅದಾಳ. ಜುಲೈ ಹತ್ತಿತು ಅಂದ್ರ ಇಲ್ಲ.” ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. “ನನಗ ಬುದ್ಧಿ ಕೆಟ್ಟಿಲ್ಲ. ಬಸ್ಸಿನ್ಯಾಗಿಂದ ಯಾರೂ ಇಳಿಯೂದಿಲ್ಲ ಅಂತ ಗೊತ್ತೈತಿ. ಎರಡು ತಾಸು ಆಕಿ ನಿಂತಿದ್ಲು, ಈಗ ನಾ ನಿಂದರತೀನಿ. ಇಷ್ಟ ದಿನ ಹೆಡ್‌ಫೋನ್ ಹಾಕ್ಕೊಂಡು ಒಬ್ಬನ ಕೇಳ್ತಿದ್ದೆ. ಆ ಅಳಿಲು ತಂತಿ ಕಡೀತು. ನಿಮ್ಮತ್ತಿ ಹೆದರಿದ್ಲು, ಅದೊಂದು ತಪ್ಪಾತು. ಇದನ್ನ ಬಂದ್ ಮಾಡಾಕ ಆಕಿಗೂ ಬರಲಿಲ್ಲ, ನನಗೂ ಬರಾಕತ್ತಿಲ್ಲ.”

ನಾನು ತಾರೀಖನ್ನು ಮುಟ್ಟದೆ ಕೊಪ್ಪಳಕ್ಕೆ ಬಂದೆ. ಅತ್ತೆ ಮುಟ್ಟೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮಂಡಾಳದ ಅರ್ಧ ಪೊಟ್ಟಣ ನನ್ನ ಚೀಲಕ್ಕೆ ಹಾಕಿದಳು.

ಎಂಟು ದಿನ ಬಿಟ್ಟು, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಅತ್ತೆಯ ಫೋನು. ದನಿ ಪಿಸುಗುಡುತ್ತಿತ್ತು.

“ಯವ್ವಾ, ನಿಮ್ಮ ಮಾಮಾಗ ನಿನ್ನೆಯಿಂದ ಜ್ವರ. ಗುಳಿಗಿ ತಗೊಂಡು ಮಲಗ್ಯಾರ. ಎಬ್ಬಿಸಿದ್ರ ಏಳವಲ್ರು.”

“ಡಾಕ್ಟರ್ ಏನಂದ್ರು?”

“ಎರಡು ದಿನಕ್ಕ ಇಳೀತೈತಿ ಅಂದಾರ. ಅದಕ್ಕಲ್ಲ ಫೋನ್ ಮಾಡಿದ್ದು.” ಅತ್ತೆ ದನಿಯನ್ನು ಇನ್ನೂ ತಗ್ಗಿಸಿದಳು. “ಇವತ್ತ ಮೂವತ್ತು.”

ನನಗೆ ಕೂಡಲೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹೊರಗೆ ಜನವರಿಯ ಮೊದಲ ವಾರ. ಆ ಖೋಲಿಯಲ್ಲಿ ಜೂನ್ ಮೂವತ್ತು. ಯಾರೂ ತಿರುಗಿಸದಿದ್ದರೆ ಇಂದು ರಾತ್ರಿ ಅಲ್ಲಿ ಜುಲೈ ಹುಟ್ಟುತ್ತದೆ.

“ನಾ ಖೋಲ್ಯಾಗ ಅದೀನಿ” ಎಂದಳು ಅತ್ತೆ. ಏಳು ವರ್ಷದಲ್ಲಿ ಕಸ ಹೊಡೆಯುವುದಕ್ಕೂ ಹೆದರಿ ಆ ಖೋಲಿಯ ಒಳಗೆ ಹೋಗದಿದ್ದವಳು. “ಬೆಕ್ಕು ನೋಡಾಕತ್ತೈತಿ. ನೋಡಲಿ. ಯಾವುದನ್ನ ಒತ್ತಲಿ ಹೇಳು.”

ನಾನು ಹೇಳುತ್ತ ಹೋದೆ. ಬಲಗಡೆಯ ಮೂಲೆಯ ಗಡಿಯಾರ, ಅತ್ತಿ. ಅದರ ಮೇಲೆ ಬಾಣ ಇಡು. ಬಾಣ ಓಡುತ್ತದೆ, ಹಿಡಿ. ಪೂರಾ ಬಿಡುವಿನ ಹೊತ್ತು ಕಳೆಯಿತು. ಗಂಟೆ ಹೊಡೆಯಿತು, ನನ್ನ ಮಕ್ಕಳು ಬಂದು ಬೆಂಚಿನ ಮೇಲೆ ಕೂತು ತಮ್ಮ ಮೇಡಂ ಯಾರಿಗೋ ಜೂನ್ ತರಿಸುತ್ತಿರುವುದನ್ನು ಕೇಳುತ್ತಿದ್ದರು. ಕಡೆಗೆ ಅತ್ತೆ ಹೇಳಿದಳು, “ಒಂದು ಅಂತ ಬಂತು ನೋಡು. ಜೂನ್ ಒಂದು.” ಆಮೇಲೆ ಅಲ್ಲಿ ಯಾರ ಜೊತೆಗೋ ಎಂಬಂತೆ, “ಕುಂದ್ರವ್ವ, ಇರು” ಎಂದು ಮೆಲ್ಲಗೆ ಹೇಳಿದ್ದು ಫೋನಿನಲ್ಲಿ ಕೇಳಿಸಿತು.

ಅಂದು ಮನೆಗೆ ಬಂದು ಬೆರಳು ಮಡಚಿ ಎಣಿಸಿದೆ. ಆ ಖೋಲಿಯ ಇಪ್ಪತ್ತೆರಡಕ್ಕೆ ಇಲ್ಲಿ ಯಾವ ದಿನ ಬೀಳುತ್ತದೆ? ಒಂದು ಸೋಮವಾರ ಬಿತ್ತು. ರಜೆ ಚೀಟಿ ಬರೆದೆ. ಕಾರಣ ಎಂಬಲ್ಲಿ ‘ತವರಿಗೆ’ ಎಂದು ಬರೆದೆ. ಹೆಡ್‌ಮಾಸ್ತರರು ನಿಮ್ಮ ತವರು ಯಲಬುರ್ಗಿಯಲ್ಲವೇ, ಅಲ್ಲೀಗ ಯಾರಿದ್ದಾರೆ ಎಂದು ಕೇಳಿದರು. ತವರಿಗಲ್ಲ ಸರ್, ತವರಿನಿಂದ ಎಂದೆ. ಅವರು ಸಹಿ ಹಾಕಿದರು, ಪಾಪ.

ಮುಂಜಾನೆ ಎದ್ದು ರೊಟ್ಟಿ ಬಡಿದೆ. ಅವ್ವನಷ್ಟು ತೆಳ್ಳಗೆ ಬರುವುದಿಲ್ಲ ನನಗೆ. ಕೊಪ್ಪಳದಿಂದ ಗಂಗಾವತಿಗೆ ಹತ್ತಾರು ಬಸ್ಸುಗಳಿವೆ, ಎಲ್ಲವನ್ನೂ ಬಿಟ್ಟು ಯಲಬುರ್ಗಿಯಿಂದ ಬರುವ ಬಸ್ಸಿಗೇ ಕಾದು ಹತ್ತಿದೆ. ದಾರಿಯುದ್ದಕ್ಕೂ ಕೈಗಡಿಯಾರ ನೋಡಿದೆ. ಹತ್ತಾದಾಗ ಕಣ್ಣು ಮುಚ್ಚಿದೆ. ಈಗ ಆ ಖೋಲಿಯಲ್ಲಿ ಅವ್ವ ಹೇಳುತ್ತಿದ್ದಾಳೆ, ಹನ್ನೊಂದರ ಬಸ್ಸಿಗೆ ನಾ ಬರಾಕತ್ತೀನಿ ಎಂದು.

ಗಂಗಾವತಿ ಬಸ್‌ಸ್ಟ್ಯಾಂಡಿನ ಗೇಟಿನ ಹತ್ತಿರ, ಜನವರಿಯ ಬಿಸಿಲಿನಲ್ಲಿ, ಜನ ತಿರುತಿರುಗಿ ನೋಡುತ್ತಿದ್ದರೂ, ಮಾವ ಛತ್ರಿ ಬಿಚ್ಚಿ ಹಿಡಿದುಕೊಂಡು ನಿಂತಿದ್ದ. ಜ್ವರದಿಂದ ಎದ್ದ ಮುಖ ಸೊರಗಿತ್ತು. ಬಸ್ಸು ನಿಂತಿತು. ಅವನು ಬಾಗಿಲನ್ನೇ ನೋಡುತ್ತಿದ್ದ, ಯಾರೂ ಇಳಿಯುವುದಿಲ್ಲ ಎಂದು ಗೊತ್ತಿದ್ದೂ ನೋಡುವವನ ಹಾಗೆ.

ರೊಟ್ಟಿಯ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಇಳಿದೆ.

ಮಾವ ಒಂದು ಹೆಜ್ಜೆ ಮುಂದೆ ಬಂದ. ಛತ್ರಿಯನ್ನು ನನ್ನ ತಲೆಯ ಮೇಲಕ್ಕೆ ಸರಿಸಿದ, ಗಂಟನ್ನು ಕೈಗೆ ತೆಗೆದುಕೊಂಡ, ತನ್ನ ಕೈಗಡಿಯಾರ ನೋಡಿಕೊಂಡ.

“ಹನ್ನೊಂದಾಗಾಕ ಇನ್ನೂ ಐದು ನಿಮಿಷ ಐತಿ” ಎಂದ. “ನೋಡು, ಈ ಸಲ ನಾನ ಮದಲ ಬಂದೀನಿ.”